ದೊಡ್ಡ ಬಾತುಗಳ ಹಿಂಡಿಗೆ ಮರಿ ಬಿಡುವುದು ಯಾವಾಗ, ಹೇಗೆ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ವರ್ಷದಿಂದ 6 ಬಾತುಕೋಳಿಗಳಿವೆ, 2 ಗಂಡು, 4 ಹೆಣ್ಣು. ಜತೆಗೆ 10 ಹೇಂಟೆ, ಒಂದು ಹುಂಜ. ರಾತ್ರಿ ಎಲ್ಲಕ್ಕೂ ಒಂದೇ ಗೂಡು, ಹಗಲು ಅಡಿಕೆ ತೋಟ ಮತ್ತು ತೋಟದ ಕೆಳಗಿನ ಕೆರೆ. ಕಳೆದ ವಾರ ಗಾಡಿಯಲ್ಲಿ ಮಾರಿಕೊಂಡು ಬಂದವರಿಂದ 8 ಮರಿ ಕೊಂಡೆವು. ಮೂರು ವಾರದ ಮರಿ ಎಂದರು. ಮೂರು ದಿನ ಕೊಟ್ಟಿಗೆಯ ಮೂಲೆಯಲ್ಲಿಟ್ಟು ನಾಲ್ಕನೇ ದಿನ ದೊಡ್ಡವುಗಳ ಜತೆ ಬಿಟ್ಟೆ. ಐದೇ ನಿಮಿಷದಲ್ಲಿ ಒಂದು ಗಂಡು ಬಾತು ಮರಿಯೊಂದರ ಕುತ್ತಿಗೆ ಕಚ್ಚಿ ನೆಲಕ್ಕೊತ್ತಿ ಹಿಡಿಯಿತು. ಬಿಡಿಸುವಷ್ಟರಲ್ಲಿ ಕುತ್ತಿಗೆಯ ಹಿಂಭಾಗ ಬೋಳಾಗಿ ರಕ್ತ ಬಂದಿತ್ತು. ಆಮೇಲೆ ನೋಡಿದರೆ ಎರಡು ಮರಿ ಕುಂಟುತ್ತಿವೆ. ಒಂದಂತೂ ಜಗಳದ ಹತ್ತಿರವೇ ಇರಲಿಲ್ಲ. ಮರಿಗಳಿಗೆ ತೌಡು, ಕುಚ್ಚಲಕ್ಕಿ ಅನ್ನ, ಸ್ವಲ್ಪ ಹೇಂಟೆಗೆ ತರುವ ಮೊಟ್ಟೆಕೋಳಿ ಫೀಡ್ ಹಾಕುತ್ತಿದ್ದೇನೆ. "ಬಿಟ್ಟುಬಿಡು, ಅವೇ ಹೊಂದಿಕೊಳ್ಳುತ್ತವೆ" ಎನ್ನುತ್ತಾರೆ ಅತ್ತೆ. ರಾತ್ರಿ ಗೂಡಿಗೆ ಬಿಟ್ಟರೆ ಗೊತ್ತಾಗುವುದಿಲ್ಲ ಎಂದು ಒಬ್ಬರು, ಎಲ್ಲಕ್ಕೂ ಚಿಮಣಿ ಎಣ್ಣೆ ಸವರಿದರೆ ವಾಸನೆ ಒಂದಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಾಗಿ ಬೆರೆತಿವೆ. ಕುತ್ತಿಗೆಯ ಗಾಯ ಗಂಡು ಬಾತಿನದು, ಅದರಲ್ಲಿ ಅನುಮಾನವಿಲ್ಲ. ಕುಂಟು ಮಾತ್ರ ಬಹುಮಟ್ಟಿಗೆ ಆಹಾರದ್ದು. ಜಗಳ ನಿಂತರೂ ಆ ಕುಂಟು ನಿಲ್ಲುವುದಿಲ್ಲ. ಅದಕ್ಕೆ ದಿನಗಳ ಲೆಕ್ಕ ಇರುವುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಬಾತು ಮರಿಗೆ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಕೋಳಿಮರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಇರಬೇಕು. ತೌಡಿನಲ್ಲಿ ನಯಾಸಿನ್ ಇದೆ, ಆದರೆ ಧಾನ್ಯದ ಹೊರಪದರದಲ್ಲಿ ಅದು ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಮರಿಯ ಮೈಗೆ ಹತ್ತುವುದು ಅಲ್ಪ. ಅನ್ನದಲ್ಲಂತೂ ಹೊಟ್ಟೆ ತುಂಬುವುದಷ್ಟೇ. ಎರಡು ಮೂರು ವಾರದಲ್ಲಿ ಮರಿಯ ಮೈತೂಕ ಒಮ್ಮೆಲೇ ಏರುತ್ತದೆ, ಕಾಲು ಆ ತೂಕ ತಾಳುವುದಿಲ್ಲ. ಹಿಮ್ಮಡಿಯ ಕೀಲು ದಪ್ಪವಾಗುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುತ್ತದೆ. ಪೆಟ್ಟಿನ ಕುಂಟಾದರೆ ಸಾಮಾನ್ಯವಾಗಿ ಒಂದೇ ಕಾಲಿಗೆ, ಇದ್ದಕ್ಕಿದ್ದಂತೆ ಬರುತ್ತದೆ. ಮುಟ್ಟಿದರೆ ಬಿಸಿ ಅಥವಾ ಬಾವು ಸಿಗುತ್ತದೆ. ಮರಿಯನ್ನು ಮಗುಚಿ ಹಿಡಿದು ಎರಡೂ ಕಾಲನ್ನು ಹೋಲಿಸಿ ನೋಡಿ. ಜಗಳಕ್ಕೆ ಸಿಗದ ಮರಿಯೂ ಕುಂಟುತ್ತಿದೆ ಎಂದು ನೀವೇ ಬರೆದಿದ್ದೀರಿ. ನನ್ನ ಅನುಮಾನಕ್ಕೆ ಕಾರಣ ಆ ಒಂದು ಸಾಲು.

ಮೊಟ್ಟೆಕೋಳಿ ಫೀಡನ್ನು ಇವತ್ತೇ ನಿಲ್ಲಿಸಿ. ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4 ಇರುತ್ತದೆ, ಬೆಳೆಯುವ ಮರಿಗೆ ಬೇಕಾದದ್ದು ಶೇ. 1ರ ಆಸುಪಾಸು. ಹೆಚ್ಚಾದದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ. ಬದಲಿಗೆ ಶೇ. 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ (ಎಳೆ ಮರಿಗಳ) ಫೀಡ್ ತಂದು ಇನ್ನೊಂದು ವಾರ ಕೊಡಿ, ಆಮೇಲೆ ಶೇ. 16–17ರ ಗ್ರೋವರ್ (ಬೆಳೆಯುವ ಮರಿಗಳ) ಫೀಡ್. ಅಂಗಡಿಯಲ್ಲಿ ಕೊಳ್ಳುವಾಗ ಚೀಲದ ಚೀಟಿ ಓದಿ. ಬ್ರಾಯ್ಲರ್ ಮರಿಯ ಫೀಡಿಗೆ ರಕ್ತಭೇದಿ ತಡೆಯುವ ಔಷಧಿ ಬೆರೆಸಿರುವುದುಂಟು. ಅದರ ಪ್ರಮಾಣ ಕೋಳಿಮರಿ ತಿನ್ನುವ ಲೆಕ್ಕಕ್ಕೆ ಇರುತ್ತದೆ, ಬಾತು ಮರಿ ತಿನ್ನುವುದು ಅದಕ್ಕಿಂತ ಹೆಚ್ಚು. ಔಷಧಿ ಇಲ್ಲದ್ದನ್ನೇ ಕೇಳಿ ತನ್ನಿ. ಕಿಲೋ ಫೀಡಿಗೆ 50ರಿಂದ 75 ಗ್ರಾಂ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟನ್ನು ಒಣಗಿಸಿದ್ದು) ಪುಡಿ ಬೆರೆಸಿ, ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಬೇರೆ, ಅದು ಹೊಟ್ಟೆಯಲ್ಲಿ ಹುಳಿಯುತ್ತದೆ. ಬ್ರೂವರ್ಸ್ ಯೀಸ್ಟ್ ಸಿಗದಿದ್ದರೆ ನೀರಿಗೆ ಹಾಕುವ ಬಿ ಕಾಂಪ್ಲೆಕ್ಸ್ ದ್ರಾವಣವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಬೇಗ ಶುರುಮಾಡಿದರೆ ಕೆಲವೇ ದಿನಗಳಲ್ಲಿ ನಡಿಗೆ ಗಟ್ಟಿಯಾಗುವುದು ಕಾಣುತ್ತದೆ. ಮೂಳೆ ಬಾಗಿಯೇ ಹೋಗಿದ್ದರೆ, ಸ್ನಾಯುರಜ್ಜು ಕೀಲಿನಿಂದ ಜಾರಿದ್ದರೆ ಅದು ಹಿಂದಕ್ಕೆ ಬರುವುದಿಲ್ಲ.

ಕರಾವಳಿಯವರಿಗೆ ಎರಡು ಎಚ್ಚರಿಕೆ. ಬೂತಾಯಿಯ ತಲೆ, ಕರುಳನ್ನು ಬೇಯಿಸಿ ಹಾಕುವುದು ಒಳ್ಳೆಯದೇ, ಮೀನಿನಲ್ಲಿ ನಯಾಸಿನ್ ಚೆನ್ನಾಗಿದೆ. ಆದರೆ ಉಪ್ಪು ಹಾಕಿದ ಒಣಮೀನು ಬೇಡ, ಮರಿ ಉಪ್ಪಿಗೆ ಸಾಯುತ್ತದೆ. ಮಳೆಗಾಲದಲ್ಲಿ ಶೇಂಗಾ ಹಿಂಡಿ, ಮೆಕ್ಕೆಜೋಳ ಸ್ವಲ್ಪ ಬೂಸ್ಟು ಹಿಡಿದಿದ್ದರೂ ಬಾತುಗಳ ಹತ್ತಿರ ತರಬೇಡಿ. ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಬೆಳಕಿಗೆ ಬಂದದ್ದು 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ. ಬಾತು ಮರಿಗಳೂ ಸತ್ತಿದ್ದವು. ಈ ವಿಷಕ್ಕೆ ಬಾತು ಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಕಡಿಮೆ. ಎಷ್ಟೆಂದರೆ ಆಗ ಹಿಂಡಿಯಲ್ಲಿ ವಿಷ ಇದೆಯೇ ಎಂದು ನೋಡಲು ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದದ್ದೇ ಬಾತು ಮರಿಯನ್ನು.

ಇನ್ನು ಜಗಳ.

"ಅವೇ ಹೊಂದಿಕೊಳ್ಳುತ್ತವೆ" ಎಂಬ ನಿಮ್ಮ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಸರಿಸಮ ತೂಕದ ಎರಡು ಹಿಂಡುಗಳನ್ನು ಸೇರಿಸಿದರೆ ಒಂದು ವಾರ ತಳ್ಳಾಟ ನಡೆದು, ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಮಲಗಬೇಕು ಎಂಬುದು ಇತ್ಯರ್ಥವಾಗುತ್ತದೆ. ಆದರೆ ಎರಡು ಕಿಲೋ ತೂಗುವ ಗಂಡು ಬಾತಿನ ಎದುರು ಅರ್ಧ ಕಿಲೋ ಮುಟ್ಟಿರದ ಮರಿ ನಿಂತಾಗ ಅದು ಇತ್ಯರ್ಥವಾಗುವ ಜಗಳವಲ್ಲ. ಹಿಂಡು ಕಟ್ಟಿಕೊಂಡಿರುವ ಬಾತುಗಳಿಗೆ ಹೊಸ ಮರಿ "ಮಗು" ಎಂಬ ಭಾವನೆ ಇರುವುದಿಲ್ಲ. ತಾನು ಕಾವು ಕೂತು ಒಡೆಸಿದ ಮರಿಯನ್ನು ತಾಯಿ ಕಾಯುತ್ತದೆ. ಗಾಡಿಯಲ್ಲಿ ಬಂದ ಮರಿ ತಮ್ಮ ಜಾಗಕ್ಕೂ ತಮ್ಮ ತಟ್ಟೆಗೂ ನುಗ್ಗಿದ ಪರಕೀಯ.

ರಾತ್ರಿ ಕತ್ತಲಲ್ಲಿ ಗೂಡಿಗೆ ಬಿಡುವ ಉಪಾಯ ಹೇಂಟೆಗಳಿಗೆ ಒಂದಿಷ್ಟು ನಡೆಯುತ್ತದೆ. ಕೋಳಿ ಕತ್ತಲಾದರೆ ಕದಲುವುದಿಲ್ಲ. ಬಾತು ಹಾಗಲ್ಲ, ನಡುರಾತ್ರಿಯಲ್ಲೂ ಎದ್ದು ಓಡಾಡುತ್ತದೆ, ಕತ್ತಲಲ್ಲೂ ಅದಕ್ಕೆ ತಕ್ಕಮಟ್ಟಿಗೆ ಕಾಣುತ್ತದೆ. ಮುಚ್ಚಿದ ಗೂಡಿನಲ್ಲಿ ಮರಿಗೆ ಓಡಲು ಜಾಗವಿಲ್ಲ, ನಿಮಗೆ ನೋಡಲು ಬೆಳಕಿಲ್ಲ. ಚಿಮಣಿ ಎಣ್ಣೆಯ ಮಾತನ್ನು ಮರೆತುಬಿಡಿ. ಹಕ್ಕಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ಕಣ್ಣು ಮತ್ತು ದನಿಯಿಂದ, ವಾಸನೆಯಿಂದಲ್ಲ. ಎಣ್ಣೆ ಚರ್ಮ ಸುಡುತ್ತದೆ, ಪುಕ್ಕ ನೀರು ತಡೆಯುವುದನ್ನು ನಿಲ್ಲಿಸುತ್ತದೆ, ಕೊಕ್ಕಿನಿಂದ ಮೈ ತಿದ್ದಿಕೊಳ್ಳುವಾಗ ಅದೇ ಹೊಟ್ಟೆಗೂ ಹೋಗುತ್ತದೆ.

ನಿಮ್ಮಲ್ಲಿ ಜಗಳದ ನಿಜವಾದ ಬೇರು ಬೇರೊಂದಿದೆ: ನಾಲ್ಕು ಹೆಣ್ಣಿಗೆ ಎರಡು ಗಂಡು. ಒಂದು ಗಂಡಿಗೆ ಐದಾರು ಹೆಣ್ಣು ಇದ್ದರೆ ಹಿಂಡು ಶಾಂತವಾಗಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಗಂಡುಗಳ ನಡುವೆ ಪೈಪೋಟಿ ಹುಟ್ಟಿ, ಎದುರಿಗೆ ಸಿಕ್ಕಿದ್ದರ ಮೇಲೆ ಏರುತ್ತವೆ, ಮರಿಯಾದರೂ ಸರಿ, ಹೇಂಟೆಯಾದರೂ ಸರಿ. ಕುತ್ತಿಗೆಯ ಹಿಂಭಾಗ ಕಚ್ಚಿ ನೆಲಕ್ಕೊತ್ತುವುದು ಸಿಟ್ಟಿನ ಹೊಡೆತವಲ್ಲ, ಗಂಡು ಬಾತು ಹೆಣ್ಣನ್ನು ಹಿಡಿಯುವ ರೀತಿಯೇ ಅದು. ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಸಿಟ್ಟು ವಾರದಲ್ಲಿ ಇಳಿಯುತ್ತದೆ, ಇದು ಇಳಿಯುವುದಿಲ್ಲ. ನಿಮ್ಮ ಹೇಂಟೆಗಳ ಬೆನ್ನು, ಕುತ್ತಿಗೆಯನ್ನೂ ಒಮ್ಮೆ ನೋಡಿ. ಹುಂಜಕ್ಕೆ ಇಲ್ಲದ, ಹೊರಗೆ ಚಾಚುವ ಜನನಾಂಗ ಗಂಡು ಬಾತಿಗೆ ಇದೆ. ಅದು ಹೇಂಟೆಯ ಮೇಲೇರಿದರೆ ಒಳಗೆ ಹರಿದು ಹೇಂಟೆ ಸಾಯುವುದೂ ಉಂಟು.

ಈಗ ಲೆಕ್ಕ ಹಾಕಿ. ಎಂಟು ಮರಿಯಲ್ಲಿ ನಾಲ್ಕು ಗಂಡಾದರೆ ಇನ್ನು ಕೆಲವು ತಿಂಗಳಲ್ಲಿ ನಿಮ್ಮಲ್ಲಿ 8 ಹೆಣ್ಣಿಗೆ 6 ಗಂಡು. ಸೇರಿಸುವ ಕಷ್ಟವನ್ನು ಹೇಗೋ ದಾಟಿದರೂ ಆಗ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಆದ್ದರಿಂದ ಮರಿಗಳಲ್ಲಿ ಗಂಡು ಯಾವುದೆಂದು ಆರನೇ ವಾರದಿಂದಲೇ ಗುರುತಿಸಲು ಶುರುಮಾಡಿ. ಒಂದೊಂದನ್ನೇ ಎತ್ತಿಕೊಂಡು ಉಳಿದವುಗಳಿಂದ ದೂರ ಒಯ್ಯಿರಿ, ಗಾಬರಿಗೆ ಕೂಗುತ್ತದೆ. ಹೆಣ್ಣಿನ ದನಿ ದೊಡ್ಡದು, ಸ್ಪಷ್ಟ, "ಕ್ವಾಕ್ ಕ್ವಾಕ್" ಎಂದು ಹಿತ್ತಲಾಚೆಗೂ ಕೇಳುತ್ತದೆ. ಗಂಡಿನದು ಗಂಟಲು ಕಟ್ಟಿದವರ ಪಿಸುಮಾತಿನ ಹಾಗೆ ಒರಟು. ಎಂಟನೇ ವಾರದ ಹೊತ್ತಿಗೆ ಇದು ಬಹುತೇಕ ಖಚಿತವಾಗುತ್ತದೆ. ಗಂಡಿನ ಬಾಲದ ಮೇಲೆ ಸುರುಳಿ ಪುಕ್ಕ ಬರುವುದು ಇನ್ನೂ ತಡ, ಮೂರು ನಾಲ್ಕು ತಿಂಗಳಿಗೆ. ಹೊಟ್ಟೆಯಡಿ ಒತ್ತಿ ನೋಡುವ ವಿಧಾನ ಕೈ ಪಳಗಿದವರಿಗೆ ಮಾತ್ರ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೊವಿ ತಳಿಗೆ ಈ ದನಿಯ ಪರೀಕ್ಷೆ ಅನ್ವಯಿಸುವುದಿಲ್ಲ, ಅದು ಹೆಣ್ಣಾದರೂ ಗಟ್ಟಿಯಾಗಿ ಕೂಗುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಮರಿಗಳನ್ನು ಕೊನೆಯವರೆಗೂ ಬೇರೆ ಗೂಡು, ಬೇರೆ ಹೊತ್ತಿಗೆ ತೋಟ ಎಂದು ಸಾಕಬಹುದು. ಅಪಾಯ ಕಡಿಮೆ, ಕೆಲಸ ಎರಡು ಪಟ್ಟು. ಎರಡೂ ಹಳೆಯ ಗಂಡುಗಳನ್ನು ಹೊರಗಿಟ್ಟು ಆರನೇ ವಾರಕ್ಕೇ ಸೇರಿಸಬಹುದು. ಹೆಣ್ಣುಗಳು ಅಷ್ಟು ಕೆಡುಕು ಮಾಡುವುದಿಲ್ಲ, ಆದರೆ ಹುಂಜ ಕುಕ್ಕುತ್ತದೆ, ಪುಕ್ಕ ಪೂರ್ತಿ ಬಂದಿರದ ಮರಿಗಳು ದೊಡ್ಡವುಗಳ ಹಿಂದೆ ಕೆರೆಗಿಳಿದು ತೊಯ್ದು ಚಳಿ ಹಿಡಿಸಿಕೊಳ್ಳುತ್ತವೆ. ಕಾವು ಬಂದ ಹೇಂಟೆಯ ಕೆಳಗಿಟ್ಟರೆ ಸಾಕಿಕೊಳ್ಳದೇ ಎಂದು ಕೇಳುವವರಿದ್ದಾರೆ. ಅದು ಹುಟ್ಟಿದ ಒಂದೆರಡು ದಿನದ ಮರಿಗೆ ಮಾತ್ರ, ಮೂರು ವಾರದ್ದನ್ನು ಹೇಂಟೆ ಒಪ್ಪುವುದಿಲ್ಲ. ನಾನು ಹೇಳುವುದು ನಾಲ್ಕನೆಯ ದಾರಿ: ಮರಿಗಳು ಒಂಬತ್ತನೇ ವಾರಕ್ಕೆ ಬರುವವರೆಗೆ ಕಾಯುವುದು, ಅದರ ಕೊನೆಯ ಎರಡು ವಾರ ಜಾಲರಿಯ ಆಚೀಚೆ ಇಟ್ಟು ಮುಖ ಪರಿಚಯ ಮಾಡಿಸುವುದು. ಆ ಹೊತ್ತಿಗೆ ಮೈ ಬಹುಪಾಲು ದೊಡ್ಡವುಗಳಷ್ಟೇ ಆಗಿರುತ್ತದೆ, ಪುಕ್ಕ ತುಂಬಿರುತ್ತದೆ, ಗಂಡು ಹೆಣ್ಣು ತಿಳಿದಿರುತ್ತದೆ.

ಈ ನಡುವಿನ ವಾರಗಳು ಖಾಲಿ ಕಾಯುವಿಕೆಯಲ್ಲ. ಗಾಡಿಯಲ್ಲಿ ಬಂದ ಮರಿಗಳನ್ನು ಮೂರರಿಂದ ನಾಲ್ಕು ವಾರ ದೂರವಿಡಬೇಕಿತ್ತು, ನೀವು ನಾಲ್ಕನೇ ದಿನ ಬಿಟ್ಟಿರಿ. ಆದದ್ದಾಯಿತು, ಈಗಲಾದರೂ ಬೇರ್ಪಡಿಸಿ. ಬಾತು ಪ್ಲೇಗ್ ತಗುಲಿದರೆ ಸಾಮಾನ್ಯವಾಗಿ 3ರಿಂದ 7 ದಿನದೊಳಗೆ ಗೊತ್ತಾಗುತ್ತದೆ: ಹಸಿರು ನೀರಾದ ಹಿಕ್ಕೆ, ಕಣ್ಣಲ್ಲಿ ನೀರು, ಬೆಳಕು ಬೇಡವೆಂಬಂತೆ ಮುದುಡಿ ಕೂರುವುದು, ಚೆನ್ನಾಗಿದ್ದ ದೊಡ್ಡ ಬಾತು ಹಠಾತ್ತನೆ ಸಾಯುವುದು. ಹಕ್ಕಿಜ್ವರದ ವೈರಸ್ಸನ್ನಂತೂ ಬಾತು ಲಕ್ಷಣವೇ ತೋರಿಸದೆ ಹೊತ್ತು ತಿರುಗಬಲ್ಲದು, ಅದರ ಜತೆ ಇರುವ ಹೇಂಟೆ ಸಾಯುತ್ತದೆ. ಪಕ್ಕದ ಕೇರಳದ ಆಲಪ್ಪುಳ ಕಡೆ 2014ರ ಕೊನೆಗೂ 2021ರ ಆರಂಭದಲ್ಲೂ ಬಾತುಗಳ ಹಿಂಡಿನಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಒಟ್ಟಿಗೆ ಎರಡು ಮೂರು ಹಕ್ಕಿ ಸತ್ತರೆ ಹೂಳಿ ಸುಮ್ಮನಾಗದೆ ಪಶು ಆಸ್ಪತ್ರೆಗೆ ತಿಳಿಸಿ. ಬೆಳಿಗ್ಗೆ ಮೊದಲು ಹಳೆಯ ಹಿಂಡಿನ ಕೆಲಸ ಮುಗಿಸಿ, ಆಮೇಲೆ ಮರಿಗಳದ್ದು; ಮರಿಗಳ ಕಡೆಗೆ ಬೇರೆ ಚಪ್ಪಲಿ, ಬೇರೆ ಬಕೆಟ್. ಆರೋಗ್ಯವಾಗಿದ್ದರೆ ಬಾತು ಕಾಲರಾ ಲಸಿಕೆಯನ್ನು ನಾಲ್ಕನೇ ವಾರದ ನಂತರ, ಪ್ಲೇಗ್ ಲಸಿಕೆಯನ್ನು ಎಂಟರಿಂದ ಹನ್ನೆರಡನೇ ವಾರದೊಳಗೆ ಹಾಕಿಸುವ ಬಗ್ಗೆ ವೈದ್ಯರೊಡನೆ ಮಾತಾಡಿ. ಲಸಿಕೆಯ ಬಾಟಲಿಯಲ್ಲಿ ನೂರಾರು ಡೋಸ್ ಇರುವುದರಿಂದ ಊರಿನ ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಕೆಲಸ ಸುಲಭ. ಮುಂದಿನ ಬಾರಿ ಮರಿ ಬೇಕಾದರೆ ಗಾಡಿಗೆ ಕಾಯದೆ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ವಿಚಾರಿಸಬಹುದು.

ಗಾಯದ ಮರಿಗೆ: ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆದು, ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲು ಹಾಕದ ಚಹಾದ ಬಣ್ಣಕ್ಕೆ ತೆಳುಮಾಡಿ ಹಚ್ಚಿ. ತೆಂಗಿನೆಣ್ಣೆಯಲ್ಲಿ ಅರಿಸಿನ ಕಲಸಿ ಬಳಿಯುವುದು ನಮ್ಮ ಕೈಗೆ ಬಂದ ಅಭ್ಯಾಸ, ಆದರೆ ಎಣ್ಣೆ ಸುತ್ತಲಿನ ಪುಕ್ಕಕ್ಕೆ ಹಿಡಿದರೆ ಅಲ್ಲಿ ನೀರು ಒಳಗಿಳಿಯುತ್ತದೆ. ಮಳೆಗಾಲದ ನೊಣ ತೆರೆದ ಗಾಯದಲ್ಲಿ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲಿ ಹುಳವಾಗುತ್ತದೆ, ದಿನಕ್ಕೆರಡು ಸಲ ಪುಕ್ಕ ಸರಿಸಿ ನೋಡಿ. ಅದನ್ನು ಒಂಟಿಯಾಗಿಡಬೇಡಿ, ಬಾತು ಒಂಟಿಯಾದರೆ ಮೇವು ಬಿಡುತ್ತದೆ. ಉಳಿದ ಮರಿಗಳು ಗಾಯ ಕುಕ್ಕದಿದ್ದರೆ ಅವುಗಳ ಜತೆಯಲ್ಲೇ ಇರಲಿ, ಕುಕ್ಕಿದರೆ ಒಂದು ಸಾಧು ಮರಿಯನ್ನು ಜತೆಗಿಡಿ.

ಏಳನೇ ವಾರಕ್ಕೆ ಜಾಲರಿ. ಎಂಟು ಮರಿಗೆ 6 ಅಡಿ ಉದ್ದ, 4 ಅಡಿ ಅಗಲ ಅಂದರೆ ತಲಾ 3 ಚದರಡಿ ಬರುತ್ತದೆ, ಎರಡು ವಾರಕ್ಕೆ ಸಾಕು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಬಳಸಿ. ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿಯನ್ನು ನಾಯಿ ಹರಿಯುತ್ತದೆ, ಮರಿಮುಂಗುಸಿ ಕಣ್ಣಿನಲ್ಲೇ ನುಸುಳುತ್ತದೆ. ಬುಡದಲ್ಲಿ ಒಂದು ಅಡಿ ಜಾಲರಿಯನ್ನು ಹೊರಕ್ಕೆ ಮಡಚಿ ಮಣ್ಣು, ಕಲ್ಲು ಹೇರಿ. ಮೇಲ್ಭಾಗವೂ ಮುಚ್ಚಿರಲಿ, ಹದ್ದಿಗೆ ತೋಟದ ನೆರಳು ಅಡ್ಡಿಯಲ್ಲ. ನೆಲ ಒಂದು ಗೇಣು ಎತ್ತರವಾಗಿದ್ದು ಮೇಲೆ ಮೂರು ಇಂಚು ಭತ್ತದ ಹೊಟ್ಟು ಇರಲಿ, ತೊಯ್ದದ್ದನ್ನು ದಿನವೂ ತೆಗೆಯಿರಿ. ಮೊದಲ ಮೂರು ದಿನ ಜಾಲರಿಯ ಅರ್ಧಕ್ಕೆ ಗೋಣಿ ಇಳಿಬಿಡಿ, ಹೆದರಿದ ಮರಿಗೆ ಮರೆ ಸಿಗುತ್ತದೆ. ನಾಲ್ಕನೇ ದಿನದಿಂದ ಎರಡೂ ಕಡೆಯ ತಟ್ಟೆಗಳನ್ನು ಜಾಲರಿಗೆ ತಾಗಿಸಿ, ಒಂದೇ ಹೊತ್ತಿಗೆ ಮೇವು ಹಾಕಿ. ಎದುರುಬದುರು ತಲೆ ತಗ್ಗಿಸಿ ತಿನ್ನುವುದೇ ಅವುಗಳ ಪರಿಚಯ. ಶುರುವಿನಲ್ಲಿ ದೊಡ್ಡವು ಜಾಲರಿಗೆ ಕೊಕ್ಕು ಹಾಕುತ್ತವೆ. ವಾರ ಕಳೆದಂತೆ ಬೆನ್ನು ಹಾಕಿ ಪಕ್ಕದಲ್ಲೇ ಮಲಗತೊಡಗಿದರೆ ಕೆಲಸ ಆಯಿತೆಂದು ತಿಳಿಯಿರಿ. ಹತ್ತು ದಿನವಾದರೂ ಕೊಕ್ಕು ಹಾಕುವುದು ನಿಲ್ಲದಿದ್ದರೆ ಎರಡು ವಾರವನ್ನು ಮೂರು ಮಾಡಿ.

ಕುಡಿಯುವ ನೀರು ಕೊಕ್ಕಿನ ಮೂಗಿನ ತೂತು ಮುಳುಗುವಷ್ಟು ಆಳವಿರಬೇಕು, ಇಲ್ಲವಾದರೆ ಮೂಗು, ಕಣ್ಣು ಕಟ್ಟಿಕೊಳ್ಳುತ್ತವೆ. ಮರಿ ಒಳಗೆ ಇಳಿಯುವಷ್ಟು ಬಾಯಿ ಅಗಲವಿರಬಾರದು. "ಬಾತಲ್ಲವೇ, ನೀರಿಗೆ ಬಿಡಿ" ಎಂದು ಹೇಳುವವರ ಮಾತಿಗೆ ಬಹಳ ಮರಿಗಳು ಸತ್ತಿವೆ. ತಾಯಿಯಿಲ್ಲದ ಮರಿಯ ಎಳೆ ತುಪ್ಪಳ ನೀರು ಹೀರುತ್ತದೆ. ಬಾಲದ ಬುಡದ ಎಣ್ಣೆ ಗ್ರಂಥಿ ಸರಿಯಾಗಿ ಕೆಲಸ ಮಾಡಿ, ಪುಕ್ಕ ತುಂಬುವವರೆಗೆ ಅದು ನೀರಲ್ಲಿ ತೇಲುವ ಹಕ್ಕಿಯಲ್ಲ, ನೆನೆದ ಹತ್ತಿ.

ಒಂಬತ್ತನೇ ವಾರದಲ್ಲಿ ಬಾಗಿಲು ತೆರೆಯುವ ದಿನ ಎರಡೂ ಗಂಡುಗಳನ್ನು ಬೇರೆ ಕಡೆ ಕೂಡಿಹಾಕಿ. ಹೊತ್ತು ಸಂಜೆ, ಗೂಡಿಗೆ ಹೋಗಲು ಒಂದು ಗಂಟೆ ಇರುವಾಗ, ದೊಡ್ಡವುಗಳ ಹೊಟ್ಟೆ ತುಂಬಿದ ಮೇಲೆ. ಸ್ಥಳ ಗೂಡಿನ ಒಳಗಲ್ಲ, ಹಿತ್ತಲಿನ ಬಯಲು. ಮೇವನ್ನು ನಾಲ್ಕು ಕಡೆ ಎರಚಿ. ಮಗುಚಿದ ಬುಟ್ಟಿ, ಗೋಡೆಗೊರಗಿಸಿದ ಹಲಗೆ, ಒಂದೆರಡು ತೆಂಗಿನ ಮಡಲು ಹಾಸಿಟ್ಟರೆ ಅಟ್ಟಿಸಿಕೊಂಡು ಬಂದದ್ದರ ಕಣ್ಣಿಂದ ಮರೆಯಾಗಲು ಮರಿಗೆ ದಾರಿ. ಎದೆಯಿಂದ ತಳ್ಳುವುದು, ಕೊಕ್ಕಿನಿಂದ ಒಮ್ಮೆ ಚಿವುಟುವುದು, ಹತ್ತು ಹೆಜ್ಜೆ ಅಟ್ಟಿ ತಿರುಗಿ ಬರುವುದು, ಕತ್ತು ಮೇಲೆ ಕೆಳಗೆ ಆಡಿಸುತ್ತ ಗಲಾಟೆ ಮಾಡುವುದು – ಇವೆಲ್ಲ ಆಗಲಿ, ಕೈ ಹಾಕಬೇಡಿ. ಕುತ್ತಿಗೆ ಹಿಡಿದು ಬಿಡದಿದ್ದರೆ, ಒಂದೇ ಮರಿಯನ್ನು ಎಲ್ಲವೂ ಸೇರಿ ಅಟ್ಟಿದರೆ, ರಕ್ತ ಕಂಡರೆ ಅಲ್ಲಿಗೆ ನಿಲ್ಲಿಸಿ. ಅಟ್ಟುತ್ತಿರುವುದು ಒಂದೇ ಹೆಣ್ಣು ಎಂದಾದರೆ ಮರಿಗಳನ್ನಲ್ಲ, ಆ ಹೆಣ್ಣನ್ನು ಮೂರು ದಿನ ಹೊರಗಿಡಿ. ತಿರುಗಿ ಬರುವಾಗ ಅದರ ದರ್ಬಾರು ಇಳಿದಿರುತ್ತದೆ.

ಮೊದಲ ದಿನ ಅರ್ಧ ಗಂಟೆ, ಆಮೇಲೆ ದಿನಕ್ಕೆ ಅರ್ಧರ್ಧ ಗಂಟೆ ಏರಿಸಿ. ಒಂದು ವಾರ ತಂಟೆಯಿಲ್ಲದೆ ಕಳೆದರೆ ರಾತ್ರಿ ಒಂದೇ ಗೂಡು. ಆದರೆ ಅದಕ್ಕೆ ಮುಂಚೆ ಅಳತೆ ಹಿಡಿದು ನೋಡಿ: ದೊಡ್ಡ ಬಾತಿಗೆ ನೆಲದಲ್ಲಿ 3ರಿಂದ 4 ಚದರಡಿ ಬೇಕು, 14 ಬಾತಿಗೆ 42ರಿಂದ 56. ಹೇಂಟೆಗಳು ಮೇಲೆ ಕೋಲಿನ ಮೇಲೆ ಕೂರುತ್ತವಾದರೂ ಆ ಕೋಲಿನ ಕೆಳಗೆ ಬಾತು ಮಲಗುವಂತಿರಬಾರದು, ಬೆಳಗಾಗುವಷ್ಟರಲ್ಲಿ ಬೆನ್ನ ತುಂಬ ಹಿಕ್ಕೆ. ಅಷ್ಟು ಜಾಗವಿಲ್ಲದಿದ್ದರೆ ಬಾತುಗಳಿಗೆ ಬೇರೆ ಗೂಡು ಮಾಡುವುದೇ ಸರಿ. ನಮ್ಮ ಮಳೆಗಾಲದಲ್ಲಿ ಬಾತು ಮಾಡುವ ತೇವ ಹೇಂಟೆಗೆ ಹೇಗೂ ಒಳ್ಳೆಯದಲ್ಲ. ಬಹುತೇಕ ಬಾತುಗಳು ಮೊಟ್ಟೆಯಿಡುವುದು ಬೆಳಿಗ್ಗೆ 9ರೊಳಗೆ, ಅಲ್ಲಿಯವರೆಗೆ ಗೂಡಿನಲ್ಲೇ ಇಟ್ಟರೆ ಮೊಟ್ಟೆ ಕೆರೆಯ ಪಾಲಾಗುವುದಿಲ್ಲ.

ಕೆರೆ ಎಲ್ಲಕ್ಕಿಂತ ಕೊನೆಗೆ. ಬಾತುಗಳು ಕೂಡುವುದು ಹೆಚ್ಚಾಗಿ ನೀರಲ್ಲೇ. ನೆಲದಲ್ಲಿ ಕುತ್ತಿಗೆ ಹಿಡಿದರೆ ಪುಕ್ಕ ಹೋಗುತ್ತದೆ, ನೀರಲ್ಲಿ ಹಿಡಿದರೆ ತಲೆ ಮುಳುಗಿ ಉಸಿರೇ ಹೋಗುತ್ತದೆ. ಮರಿಗಳನ್ನು ಮೊದಲ ಕೆಲವು ದಿನ ಅವಷ್ಟನ್ನೇ ಹತ್ತು ಹದಿನೈದು ನಿಮಿಷ ಇಳಿಸಿ, ಹತ್ತಿ ಬರಲು ಜಾರದ ಇಳಿಜಾರು ಇದೆಯೇ ನೋಡಿಕೊಳ್ಳಿ. ಮೈಮೇಲೆ ನೀರು ಮಣಿಮಣಿಯಾಗಿ ಜಾರಿದರೆ ಸರಿ, ಒಳಗಿಳಿದು ಮೈ ಭಾರವಾದರೆ ಇನ್ನೊಂದು ವಾರ ತಡೆಯಿರಿ. ಆಮೇಲೆ ಹೆಣ್ಣುಗಳ ಜತೆ.

ಗಂಡುಗಳಲ್ಲಿ ಒಂದನ್ನೇ ಹಿಂಡಿಗೆ ಮರಳಿಸಿ, ಕುತ್ತಿಗೆ ಹಿಡಿದದ್ದನ್ನಲ್ಲ, ಇನ್ನೊಂದನ್ನು. ಮೊದಲೆರಡು ದಿನ ನೆಲದಲ್ಲಿ ಮಾತ್ರ, ನೀವು ಎದುರಿಗಿರುವಾಗ. ಮರಿಗಳಲ್ಲಿ ಗಂಡಾದವನ್ನು ಮಾರುವುದೋ ಅಡುಗೆಗೋ ಎಂಬುದನ್ನು ಆ ಹೊತ್ತಿಗೆ ಮನೆಯಲ್ಲಿ ತೀರ್ಮಾನಿಸಿ. ಎರಡೂ ಬೇಡವೆಂದಾದರೆ ಗಂಡುಗಳಿಗೇ ಒಂದು ಪ್ರತ್ಯೇಕ ಆವರಣ ಮಾಡಬಹುದು. ಹೆಣ್ಣು ಕಣ್ಣಿಗೆ ಬೀಳದ ಜಾಗದಲ್ಲಿ ನಾಲ್ಕೈದು ಗಂಡು ಬಾತು ಒಟ್ಟಿಗೆ ಸಾಮಾನ್ಯವಾಗಿ ತಕರಾರಿಲ್ಲದೆ ಇರುತ್ತವೆ. ಕುತ್ತಿಗೆ ಬೋಳಾದ ಮರಿಗೆ ಪುಕ್ಕ ಮೊಳೆತು ಚರ್ಮ ಪೂರ್ತಿ ಮುಚ್ಚುವ ತನಕ, ಉಳಿದ ಏಳು ಸೇರಿಯಾಗಿದ್ದರೂ, ಅದನ್ನು ಯಾವ ಗಂಡಿನ ಎದುರಿಗೂ ಬಿಡಬೇಡಿ.